ಪಂಪಿನ ಮೇಲೆ ಕರಿಸಿದ್ದನ ಕೈ

ಅಕ್ಕಿ ಮಿಲ್ಲಿನ ಎಂಜಿನ್ನಿಗೆ ಡೀಸೆಲ್ ಹಾಯಿಸುವ ಪಂಪ್ ರಿಪೇರಿಯಾಗಿ ಬಂದ ದಿನವೇ, ಶುರು ಮಾಡಿದ್ದೇ ತಡ, ಎಂಜಿನ್ ಯಾರೂ ಲಿವರ್ ಮುಟ್ಟದೆ ರೇಸಾಗಿ ಚೀರಿತು. ತಗಡಿನ ಸೂರು ನಡುಗಿತು. ಸತ್ತುಹೋದ ಆಪರೇಟರ್ ಕರಿಸಿದ್ದನ ಟೋಪಿ ಗೂಟದಲ್ಲಿ ತೂಗಾಡಿತು. ಪಂಪ್ ಜೋಡಿಸಿದ್ದ ಫಿಟರ್ ಎಂಜಿನ್ ಗಾಳಿ ಎಳೆಯುವ ಬಾಯಿಗೆ ಹಲಗೆ ಅದುಮಿ ಅದನ್ನು ನಿಲ್ಲಿಸಿದ.

“ಪಂಪ್ ಸರಿಯಾಗೇ ಇದೆ. ಇದು ಕರಿಸಿದ್ದನ ಕಾಟ,” ಎಂದರು ಯಜಮಾನರು. “ಬಿಡಿಸು, ಇಲ್ಲಾಂದ್ರೆ ಇತ್ತ ತಲೆ ಹಾಕಬೇಡ.”

ಫಿಟರ್ ಟಾರ್ಚ್ ಬಿಟ್ಟ. ಡೀಸೆಲ್ ಹೆಚ್ಚುಕಡಿಮೆ ಮಾಡುವ ಪಂಪಿನ ಲಿವರನ್ನು ಕರಿದಾರದ ತಾಯಿತವೊಂದು ಪೂರ್ತಿ ವೇಗದ ಕಡೆಗೆ ಬಿಗಿಯಾಗಿ ಎಳೆದು ಹಿಡಿದಿತ್ತು.

“ಇದನ್ನ ಕಟ್ಟಿದ್ದು ಯಾರು?”

“ನಾನೇ. ಅವನು ಹತ್ತಿರ ಸುಳಿಯದಿರಲಿ ಅಂತ.”

“ಅವನು ಆಗಲೇ ಒಳಗಿದ್ದ ಯಜಮಾನ್ರೇ. ಹೊರಗೆ ಹೋಗೋಕೆ ದಾರಿಯಿಲ್ಲದೆ ಅರಚ್ತಿದ್ದಾನೆ.”

ಯಜಮಾನರು ಬೆವರುತ್ತ ತಾವೇ ದಾರ ಕತ್ತರಿಸಿದರು. ಎಂಜಿನ್ ಶುರು ಮಾಡಿದರೆ ಮೆತ್ತಗೆ ಗುಟುಗುಟು ಎಂದಿತು.

“ಹೋದ್ನಾ?”

“ಹೋದ. ಪಂಪ್ ಮುಟ್ಟೋ ಮೊದಲು ಫಿಟರನ್ನ ಕೇಳ್ಬೇಕಂತೆ.”

ನಗು ಮರೆಸಲು ಫಿಟರ್ ಅತ್ತ ತಿರುಗಿದ. ಸೂರಿನ ತಗಡು ಅಲ್ಲಾಡುತ್ತಿರಲಿಲ್ಲ. ಟೋಪಿ ಮಾತ್ರ ಇನ್ನೂ ತೂಗುತ್ತಿತ್ತು.