ಬನಪ್ಪನ ಮಗ್ಗದ ಗುಂಡಿ

ಬರ್ರಿ, ಹತ್ತಿರ ಸರಿದು ಕೂಡ್ರಿ. ಕೌದಿ ಕಾಲಮ್ಯಾಲೆ ಎಳಕೊಳ್ರಿ. ನಡುನಡುವೆ ಹೂಂ ಅನ್ರಿ, ಹೂಂ ಅನ್ನೋರಿಲ್ಲದಿದ್ರ ನನಗೂ ಬ್ಯಾಸರ.

ನೀಲವ್ವ ಅಂತ ಒಬ್ಬಾಕಿ. ಗಂಡ ನೇಕಾರ ಬನಪ್ಪ. ಹಿರಿಮಗ ಪರಪ್ಪ ಶಾಣ್ಯಾ, ಕಿರಿಮಗ ದ್ಯಾಮ ಪೆದ್ದ. ಎಂಥಾ ಪೆದ್ದ? ದೀಪ ಆರಬಾರದು ಅಂದ್ರ ನಡುಮಧ್ಯಾಹ್ನದಾಗೂ ಎಣ್ಣಿ ಹಾಕೋ ಪೆದ್ದ! "ನಾ ಹೋದಮ್ಯಾಲೆ ಇವನ ಗತಿ ಏನವ್ವಾ!" ಅಂತ ನೀಲವ್ವ ಹಣಿ ಬಡಕೋತಿದ್ಲು.

ಹೋದಾವ ಬನಪ್ಪ ಮೊದಲು. ಉಯಿಲು ಬರೆಸಿಟ್ಟಿದ್ದ: ಮನಿ ಪರಪ್ಪಗ, ಮಗ್ಗ ದ್ಯಾಮಗ, ನೀಲವ್ವ ಮಗ್ಗ ಇದ್ದಲ್ಲೇ ಇರಬೇಕು. ಮದುವಿಯಾಗಿ ಬಂದಾಗಿಂದ ಆಕಿ ಮಗ್ಗದ ಲಾಳಿ ಸದ್ದಿನಾಗೇ ಮಲಗಿದಾಕಿ. ಸದ್ದಿಲ್ಲದಿದ್ರ ಆಕಿಗೆ ನಿದ್ದಿನೇ ಹತ್ತತಿರಲಿಲ್ಲ.

ಪರಪ್ಪ ಅಂದ, "ಮನಿ ನಂದು. ನಿಮ್ಮ ಮಗ್ಗ ನೀವು ಒಯ್ಯಿರಿ!"

ಊರ ಹೊರಗ, ಬಂಡಿಗಲ್ಲಿನ ಮ್ಯಾಲೆ ಒಂದು ಗುಡಸಲು ಸಿಕ್ಕಿತು. ನೀಲವ್ವ ಅಲ್ಲಿ ಕುಂತು, "ಹೋಗಪಾ, ಮಗ್ಗ ತಗೊಂಡು ಬಾ" ಅಂದ್ಲು.

ದ್ಯಾಮ ಇಡೀ ಮಗ್ಗ ತಲಿಮ್ಯಾಲೆ ಹೊತ್ತ. ಬಾಗಿಲಿಗೆ ಬಡೀತು, ಕಟಾರ್ ಅಂತ ಕಟಿಗಿ ಮುರೀತು!

"ಏನ್ಲೇ ಖೋಡಿ! ಬಿಚ್ಚಿ ತರಬೇಕೋ ಇಲ್ಲೋ?"

"ಹೂಂ ಅವ್ವಾ, ಇನ್ನಮ್ಯಾಲೆ ಬಿಚ್ಚೇ ತರ್ತೀನಿ!"

ಮರುದಿನ ನೀಲವ್ವ ಅಂದ್ಲು, "ಅಪ್ಪ ನೇದ ಕಡೀ ಸೀರಿ ಅಲ್ಲೇ ಉಳದೈತಿ, ತಗೊಂಡು ಬಾರೋ."

ದ್ಯಾಮ ಹೋದ. ಒಂದೊಂದೇ ಎಳಿ ಬಿಚ್ಚಿದ. ಬುಟ್ಟಿ ತುಂಬ ನೂಲು ತಂದ. "ಪೂರಾ ಬಿಚ್ಚೀನವ್ವಾ!"

ನೀಲವ್ವ ಆ ನೂಲು ಎದಿಗೆ ಅವಚಿಕೊಂಡ್ಲು. "ಹಾಳಾಗಿ ಹೋಗೋ! ಅದು ನಿಮ್ಮಪ್ಪನ ಕೈಯಿಂದಾದದ್ದು. ಅಪ್ಪ ಮಾಡಿಟ್ಟದ್ದು ಹೆಂಗೈತೋ ಹಂಗ ತರಬೇಕು. ಒಂದು ಚೂರೂ ಬಿಡಬಾರದು!"

"ಹೂಂ ಅವ್ವಾ, ಒಂದು ಚೂರೂ ಬಿಡೋದಿಲ್ಲ!"

ಮುರಿದ ಕಟಿಗಿ ಕಟ್ಟಿದ್ರು. ಆದ್ರ ನೇಕಾರ ಕಾಲು ಇಳಿಬಿಟ್ಟು ತುಳಿಯಾಕ ಗುಂಡಿ ಬೇಕಲ್ಲ? ಬಂಡಿಗಲ್ಲಿಗೆ ಕಬ್ಬಿಣದ ಹಾರಿ ಹಾಕಿದ್ರ ಬರೇ ಕಿಡಿ.

"ಗುಂಡಿ ಇಲ್ಲ, ಸದ್ದಿಲ್ಲ. ನಾ ಹೆಂಗ ಇರಲಿ ಇಲ್ಲಿ?" ಅಂದ್ಲು ನೀಲವ್ವ.

"ಹಳೇ ಗುಂಡಿ ಅಪ್ಪ ತೋಡಿದ್ದಲ್ಲೇನವ್ವಾ?"

"ಹೂಂ, ಅವರೇ ತೋಡಿದ್ದು."

ದ್ಯಾಮ ಗುದ್ದಲಿ ಬುಟ್ಟಿ ತಗೊಂಡು ಹಳೇ ಮನಿಗೆ ಓಡಿದ. ಗುಂಡಿ ಎತ್ತಾಕ ಸುತ್ತಲೂ ಅಗೆದ. ಅಗೆದಷ್ಟೂ ಗುಂಡಿ ದೊಡ್ಡದಾತು. ದಡಾರ್ ಅಂತ ಗ್ವಾಡಿ ಬಿತ್ತು!

"ಅಯ್ಯಯ್ಯೋ ನನ್ನ ಮನಿ!" ಪರಪ್ಪ ಬಾಯಿ ಬಡಕೊಂಡ.

"ನಿನ್ನ ಮನಿ ಯಾರಿಗೆ ಬೇಕಣ್ಣಾ? ನಮ್ಮ ಗುಂಡಿ ನಾ ಒಯ್ಯಾಕತ್ತೀನಿ!"

ಬುಟ್ಟಿ ಬುಟ್ಟಿ ಮಣ್ಣು ತಂದು ಗುಡಸಲಾಗ ಸುರುವಿದ. ಸುರುವಿದ್ದು ಗುಡ್ಡಿ ಆತು. ದ್ಯಾಮ ಸುತ್ತ ತಿರುಗಿ ನೋಡಿದ, ತಲಿ ಕೆರಕೊಂಡ. "ಅವ್ವಾ, ಗುಂಡಿ ಬೋರಲ ಬಿತ್ತೇನು? ಮಗುಚಿ ಇಡಲೇನು?"

ಬೈಯಾಕ ಬಾಯಿ ತೆರೆದ ನೀಲವ್ವಗ ನಗಿ ಬಂತು. ಗಂಡ ಹೋದಮ್ಯಾಲೆ ಅದೇ ಮೊದಲ ನಗಿ. ನಕ್ಕೋತ ನಕ್ಕೋತ ಅತ್ತುಬಿಟ್ಲು. ಆ ಗುಡ್ಡಿಯಾಗ ಒಂದು ಮಣ್ಣಿನ ಹೆಂಟಿ ಬನಪ್ಪನ ಹಿಮ್ಮಡಿ ತಿಕ್ಕಿ ತಿಕ್ಕಿ ನುಣ್ಣಗಾಗಿತ್ತು.

ಇಬ್ಬರೂ ಗುಡ್ಡಿ ತುಳಿದು ಗಟ್ಟಿ ಮಾಡಿ, ನಡುವೆ ತೋಡಿ, ಮಗ್ಗ ಕೂಡ್ರಿಸಿದ್ರು. ಆ ಬಿಚ್ಚಿದ ನೂಲೇ ಏರಿಸಿದ್ರು. ನೀಲವ್ವ ಹಾಸಿಗ್ಯಾಗ ಅಡ್ಡಾಗಿ ಅಂದ್ಲು, "ನೇಯಿ ಮಗಾ. ನಾ ಸಾಕು ಅನ್ನೋತನಕ ನಿಲ್ಲಿಸಬ್ಯಾಡ."

"ಹೂಂ ಅವ್ವಾ!"

ಲಟ್ ಪಟ್, ಲಟ್ ಪಟ್. ಆಕಿಗೆ ನಿದ್ದಿ ಹತ್ತಿತು.

ಪರಪ್ಪ ಬಿದ್ದ ಮನಿ ಬಿಟ್ಟು ಹೆಂಡತಿ ಊರು ಸೇರಿದ. ನೀಲವ್ವ ಆ ನಿದ್ದಿಯಿಂದ ಏಳಲೇ ಇಲ್ಲ. ಊರವರು ಹೊತ್ತೊಯ್ಯೋ ಮುಂದ, "ಏಳೋ ದ್ಯಾಮಾ, ಅವ್ವಗ ಒಂದು ಹಿಡಿ ಮಣ್ಣು ಹಾಕು ಬಾ" ಅಂದ್ರು.

"ಅವ್ವ ಇನ್ನೂ ಸಾಕು ಅಂದಿಲ್ಲ" ಅಂದ ದ್ಯಾಮ.

ನೂಲು ತೀರಿ ಎಷ್ಟೋ ಕಾಲ ಆತು. ಖಾಲಿ ಲಾಳಿ ಆ ಕಡೆ, ಈ ಕಡೆ. ನಡುನಡುವೆ ಕೈ ನಿಲ್ಲಿಸದೇ ಕಿವಿ ಕೊಡತಾನ, ಅವ್ವ ಏನರೆ ಅಂದ್ಲೇನು ಅಂತ.