ವೈರಿಂಗ್ ಕಲಿತ ದ್ಯಾಮಣ್ಣ

ಹತ್ರ ಸರಕೊಂಡು ಕುಂದರ್ರಿ. ದ್ಯಾಮಣ್ಣ ವೈರಿಂಗ್ ಕಲಿತದ್ದು ಹೇಳ್ತೀನಿ.

ಅವನ ಅವ್ವ ಫಕೀರವ್ವ ಹೈಸ್ಕೂಲಿನಾಗ ಬಿಸಿಯೂಟದ ಅಡಿಗಿ ಮಾಡ್ತಿದ್ಲು. ಮಗ ಅದೇ ಸಾಲ್ಯಾಗ ಒಂಬತ್ತನೇ ಕ್ಲಾಸು. ಗಣಿತದಾಗ ಸೊನ್ನೆ, ಇಂಗ್ಲಿಷಿನಾಗ ಸೊನ್ನೆ. ಆದ್ರ ಹೇಳಿದ ಮಾತು ಒಂದೂ ಮೀರ್ತಿರಲಿಲ್ಲ. ಅದೇ ತ್ರಾಸು!

ಆ ವರ್ಷ ಸಾಲಿಗೆ ಹೊಸಾ ಐಚ್ಛಿಕ ವಿಷಯ ಬಂತು: ವೈರಿಂಗು, ಮೋಟಾರು ರಿಪೇರಿ. ಕಲಸೋರು ಹೊಂಬಳ ಮಾಸ್ತರು. ಫಕೀರವ್ವ ಅವರಿಗೆ ಕೈಮುಗಿದ್ಲು.

"ಸರ, ಇವನ ಹೆಸರು ಹಚ್ಚಿಕೊಳ್ರಿ. ಇದೊಂದರಾಗರ ಪಾಸಾಗಲಿ. ಇಲ್ಲಂದ್ರ ಸಾಲಿ ಬಿಡಸೂದ ಆಗ್ತೈತಿ!"

"ಆತವಾ, ಕಳಸು."

ಮೊದಲನೇ ದಿನ ಮಾಸ್ತರು ಅಂದ್ರು, "ನಾಳೆ ಬರೂಮುಂದ ಎಲ್ಲಾರೂ ಕೈಗೆ ರಬ್ಬರ್ ಹಾಕ್ಕೊಂಡು ಬರ್ರಿ."

ಮರುದಿನ ದ್ಯಾಮಣ್ಣ ಬಂದ. ಹತ್ತು ಬೆರಳಿಗೆ ದಾರದಾಗ ಕಟ್ಟಿದ್ದ, ಹತ್ತು ಅಳಸೋ ರಬ್ಬರು!

"ಅಯ್ಯ ಪೆದ್ದ! ರಬ್ಬರಿನ ಕೈಗವಸು ಅಂದೆ ನಾನು! ಹೋಗಲಿ. ಇನ್ನಮ್ಯಾಲೆ ಏನು ಮುಟ್ಟಬೇಕಾದ್ರೂ ಮೊದ್ಲು ಟೆಸ್ಟರ್ ಹಚ್ಚಿ ನೋಡು. ಲೈಟ್ ಹತ್ತಿದ್ರ ಮುಟ್ಟಬ್ಯಾಡ."

"ಹೂನ್ರಿ ಸರ."

ಎರಡು ದಿನಕ್ಕ ಅವನು ಹುಟ್ಟಿದ ದಿನ ಬಂತು. ಅವ್ವ ಅಂದ್ಲು, "ಹೋಗು, ಹೆಡ್ಮಾಸ್ತರ ಕಾಲು ಮುಟ್ಟಿ ಬಾ."

ಹೋದ. ಬಗ್ಗಿದ. ಕಿಸೆದಾಗಿಂದ ಟೆಸ್ಟರ್ ತಗದ. ಹೆಬ್ಬೆರಳಿಗೆ ಚುಚ್ಚಿದ!

"ಅಯ್ಯಯ್ಯೋ!" ಹೆಡ್ಮಾಸ್ತರು ಕುರ್ಚಿ ಮ್ಯಾಲೆ ಹತ್ತಿ ನಿಂತ್ರು.

"ಲೈಟ್ ಹತ್ತಲಿಲ್ರಿ ಸರ. ನಿಮ್ಮಾಗ ಕರೆಂಟಿಲ್ಲ!"

"ಫಕೀರವ್ವಾ! ಇನ್ನೊಮ್ಮೆ ಏನರ ಮಾಡಿದ್ರ ಟಿ.ಸಿ. ಕೊಟ್ಟು ಕಳಸ್ತೀನಿ ಇವನ್ನ!"

ಫಕೀರವ್ವ ಹಣಿ ಹಣಿ ಬಡಕೊಂಡ್ಲು. "ದೊಡ್ಡವರು ಕಂಡ್ರ ಬಾಯಿ ಮುಚ್ಚಿ, ಕೈಮುಗಿದು ನಿಂದ್ರೋ ನಮ್ಮಪ್ಪಾ! ಅಷ್ಟ ಮಾಡು!"

"ಹೂನಬೇ."

ವಾರ ಕಳೀತು. ಪ್ರಾಕ್ಟಿಕಲ್ ಕೋಣ್ಯಾಗ ಮೋಟಾರು ಹೊಗಿ ಬಿಡಾಕ ಹತ್ತಿತು. ದ್ಯಾಮಣ್ಣ ಸ್ವಿಚ್ ಕಡೆ ಓಡಿದ. ಅಷ್ಟರಾಗ ಬಾಗಿಲಾಗ ಮಾಸ್ತರು ಕಂಡ್ರು. ನಿಂತುಬಿಟ್ಟ! ಬಾಯಿ ಮುಚ್ಚಿದ, ಕೈ ಮುಗಿದ. ಮಾಸ್ತರು ಓಡಿ ಬಂದು ಸ್ವಿಚ್ ತಗಿಯೂದರಾಗ ಮೋಟಾರು ಸುಟ್ಟು ಕರ್ರಗಾಗಿತ್ತು.

"ಲೇ! ಹೊಗಿ ಕಂಡ್ರ ಯಾರನ್ನೂ ನೋಡಬ್ಯಾಡ, ಏನೂ ಕೇಳಬ್ಯಾಡ! ಓಡಿ ಹೋಗಿ ಮೇನ್ ಸ್ವಿಚ್ ಇಳಸು!"

"ಹೂನ್ರಿ ಸರ."

ಪರೀಕ್ಷೆ ದಿನ ಬಂತು. ಬ್ಯಾರೆ ಊರಿಂದ ಪರೀಕ್ಷೆ ತಗೊಳಾಕ ಒಬ್ಬರು ಬಾಯಾರು, ಅಂದ್ರ ಹೆಣ್ಣು ಮಾಸ್ತರು, ಬಂದಿದ್ರು. ಹೆಡ್ಮಾಸ್ತರು ಸರಸ್ವತಿ ಫೋಟೋಕ್ಕ ಊದಿನಕಡ್ಡಿ ಹಚ್ಚಿದ್ರು. ಸಣ್ಣಗ ಹೊಗಿ ಎದ್ದಿತು.

ದ್ಯಾಮಣ್ಣ ನೋಡಿದ. ಹೊಗಿ! ಯಾರನ್ನೂ ನೋಡಲಿಲ್ಲ, ಏನೂ ಕೇಳಲಿಲ್ಲ. ಓಡಿದ. ಮೇನ್ ಸ್ವಿಚ್ ಧಡ್ ಅಂತ ಇಳಿಸಿದ! ಫ್ಯಾನು ನಿಂತ್ವು, ಕಂಪ್ಯೂಟರು ನಿಂತ್ವು, ಇಡೀ ಸಾಲಿ ಕರೆಂಟು ಹೋತು.

"ಆತು! ಇವತ್ತ ನಿನ್ನ ಟಿ.ಸಿ.!" ಹೆಡ್ಮಾಸ್ತರು ಚೀರಿದ್ರು.

ಅವರ ಬಾಯಿ ಮುಚ್ಚಿರಲಿಲ್ಲ, ಅಡಿಗಿಮನಿ ಶಾರವ್ವ ಏದುಸಿರು ಬಿಡ್ಕೋತ ಓಡಿ ಬಂದ್ಲು. "ಸರ! ಫಕೀರವ್ವಗ ಗ್ರೈಂಡರ್ ಶಾಕ್ ಹೊಡೀತ್ರಿ! ಬಲಗೈ ಹಿಡಕೊಂಡುಬಿಟ್ಟಿತ್ತು, ಬಿಡವಲ್ದಾಗಿತ್ತು! ಕರೆಂಟು ಹೋತು, ಕೈ ಬಂತು!"

ಎಲ್ಲಾರೂ ಓಡಿದ್ರು. ಫಕೀರವ್ವ ನೆಲದ ಮ್ಯಾಲೆ ಕುಂತಿದ್ಲು. ಮೈ ನಡಗತಿತ್ತು, ಆದ್ರ ಮಾತಾಡ್ತಿದ್ಲು. ದ್ಯಾಮಣ್ಣಗ ಈ ಸಲ ಹಿಂಗ ಮಾಡು ಅಂತ ಯಾರೂ ಹೇಳಲಿಲ್ಲ. ತಾನ ಹೋಗಿ ಅವ್ವನ್ನ ಗಟ್ಟಿಯಾಗಿ ತಬ್ಬಿಕೊಂಡ.

ಡಾಕ್ಟರು ಬಂದು ನೋಡಿದ್ರು. "ಗಾಬರಿ ಇಲ್ಲ. ಸ್ವಲ್ಪ ಆರಾಮ ತಗೋ" ಅಂದ್ರು. ಎಲ್ಲಾರಿಗೂ ಹೋದ ಜೀವ ಬಂದಂಗಾತು. ಹೆಡ್ಮಾಸ್ತರು ಬೆವರು ಒರಸಿಕೊಂಡು, ಟಿ.ಸಿ. ಮಾತು ಎತ್ತಲೇ ಇಲ್ಲ. ಬಾಯಾರು ನಕ್ಕು, "ಇವನಿಗೆ ಇನ್ನೇನು ಪರೀಕ್ಷೆ? ಪಾಸು!" ಅಂದ್ರು.

ಹೊಂಬಳ ಮಾಸ್ತರು ಅವನ ಬೆನ್ನು ತಟ್ಟಿದ್ರು. "ಶಾಬಾಸ್! ಈಗ ಹೋಗು. ಶಾಕ್ ಹೊಡದ ಕಡೆ 'ಅಪಾಯ! ಮುಟ್ಟಬೇಡಿ' ಅಂತ ಬೋರ್ಡ್ ಬರದು ಕಟ್ಟು."

"ಹೂನ್ರಿ ಸರ."

ಫಕೀರವ್ವ ಅಡಿಗಿಮನಿ ಗ್ವಾಡಿಗೆ ಆನಿಕೊಂಡು, ಮಗ ಪಾಸಾದ ಅಂತ ನೆಮ್ಮದಿಯಿಂದ ಒಂದು ಜೊಂಪು ತಗದ್ಲು. ಎಚ್ಚರಾಗಿ ನೋಡ್ತಾಳ, ಹುಡುಗರೆಲ್ಲ ತಾಟು ಹಿಡಕೊಂಡು ದೂರ ನಿಂತಾರ. ಒಬ್ಬರೂ ಹತ್ರ ಬರವಲ್ಲರು!

ಬಲಗೈ ಭಾರ ಅನಸ್ತು. ನೋಡಿಕೊಂಡ್ಲು. ಶಾಕ್ ಹೊಡದ ಮುಂಗೈಗೆ ಬಿಗಿಯಾಗಿ ಹಗ್ಗ, ಹಗ್ಗಕ್ಕ ರಟ್ಟು, ರಟ್ಟಿನ ಮ್ಯಾಲೆ ಕೆಂಪು ಅಕ್ಷರ: ಅಪಾಯ! ಮುಟ್ಟಬೇಡಿ! ಕೆಳಗೊಂದು ತಲಿಬುರುಡಿ!

"ದ್ಯಾಮ್ಯಾ!" ಅಂತ ನಕ್ಕೋತ ಬಡಿಯಾಕ ಕೈ ಎತ್ತಿದ್ಲು. ಕೈ ಜೋಡಿ ಬೋರ್ಡೂ ಎದ್ದಿತು. ಹುಡುಗರೆಲ್ಲ ತಾಟು ಒಗದು ಓಡಿಬಿಟ್ರು!