ಬಾಗಿಲ ಮೇಲಿನ ಹೆಸರು

“ಗುರುಗಳೇ, ಹೆರಿಗೆಮನೆಯ ಬಾಗಿಲ ಮೇಲೆ ಹೆಸರು ಬರೆಸಬಹುದೇ?”

ಕೇಳಿದವನು ಅಡಿವೆಯ್ಯ. ಗುಡ್ಡದಾಚೆಯ ಒಂದು ಹಳ್ಳಿಯಲ್ಲಿ ಹೆರಿಗೆಮನೆ ನಡೆಸಲು ಅಲ್ಲಿಯ ಹೆಂಗಸರೇ ಮುಂದೆ ಬಂದಿದ್ದರು. ಅವರಿಗೆ ಬೇಕಾದುದನ್ನು ಮಠದಿಂದ ಒದಗಿಸುವ ಕೆಲಸವನ್ನು ಗುರುಗಳು ಇವನಿಗೆ ಒಪ್ಪಿಸಿದ್ದರು. ಇವನು ಊರೂರು ಅಲೆದು ಭಕ್ತರಿಂದ ಕಾಣಿಕೆ ಕೂಡಿಸಿ ತಂದಿದ್ದ. ಯಾರ ಹೆಸರು ಎಂದು ಗುರುಗಳು ಕೇಳಿದರು. ಅಡಿವೆಯ್ಯ ತಲೆ ತಗ್ಗಿಸಿ, ತನ್ನ ತಾಯಿಯದು ಎಂದ. ಆಕೆ ಆ ಹಳ್ಳಿಯವಳೇ. ಅವನನ್ನು ಹೆತ್ತ ವಾರದೊಳಗೆ ತೀರಿಕೊಂಡವಳು.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಹೊಳೆ. ಈಚೆ ದಡದಲ್ಲಿ ಪೇಟೆ, ಆಚೆ ದಡದಲ್ಲಿ ಹಳ್ಳಿ. ಪೇಟೆಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಕಾಳುಕಡಿಯ ವ್ಯಾಪಾರ. ತೂಕದಲ್ಲಿ ಮೋಸ ಮಾಡಿದವನಲ್ಲ. ಆದರೆ ಹಿಡಿದ ಕೆಲಸ ತನಗೆ ತೋಚಿದಂತೆಯೇ ಆಗಬೇಕು ಎನ್ನುವ ಮನುಷ್ಯ. ಕೈಯಲ್ಲಿ ನಾಲ್ಕು ಕಾಸು ಓಡಾಡುವವರಿಗೆ ಈ ಕಾಯಿಲೆ ಬೇಗ ಅಂಟುತ್ತದೆ.

ಅವನಿಗೆ ತಾಯಿಯ ಮುಖ ನೆನಪಿರಲಿಲ್ಲ. ಎತ್ತಿ ಆಡಿಸಿ, ಉಣ್ಣಿಸಿ ಬೆಳೆಸಿದವಳು ಅಕ್ಕ. ಆಕೆಯನ್ನು ಆಚೆ ದಡದ ಹಳ್ಳಿಗೆ ಕೊಟ್ಟಿದ್ದರು. ಪಂಚಮಿ ಬಂತೆಂದರೆ ಅಕ್ಕನನ್ನು ತವರಿಗೆ ಕರೆತರಲು ಇವನು ಹರಿಗೋಲು ಹತ್ತುತ್ತಿದ್ದ. ಇವನು ಹೊಳೆಯ ನಡುವೆ ಇರುವಾಗಲೇ ಅಕ್ಕ ಬಟ್ಟೆಯ ಗಂಟು ಹಿಡಿದು ದಡದಲ್ಲಿ ನಿಂತಿರುವುದು ಕಾಣುತ್ತಿತ್ತು. ಅವನ ಪಾಲಿಗೆ ಹಬ್ಬವೆಂದರೆ ಅದೇ.

ಒಂದು ವರ್ಷ ಅಕ್ಕ ತುಂಬಿದ ಬಸುರಿ. ಪಂಚಮಿಗೆ ಇನ್ನೂ ದಿನವಿತ್ತು. ಒಂದು ಸಂಜೆ ಹೆರಿಗೆ ನೋವು ಕಾಣಿಸಿಕೊಂಡಿತು, ಮಗು ಅಡ್ಡವಾಗಿತ್ತು. ಸೂಲಗಿತ್ತಿ ಕೈಚೆಲ್ಲಿದಳು. ಪೇಟೆಯ ವೈದ್ಯನ ಬಳಿಗೆ ಒಯ್ಯೋಣವೆಂದರೆ ಅಂಬಿಗ ಪೇಟೆಯವನು, ಹರಿಗೋಲನ್ನು ಈಚೆ ದಡದಲ್ಲಿ ಕಟ್ಟಿ ಮನೆಗೆ ಹೋಗಿದ್ದ. ಹಳ್ಳಿಯವರು ದಡದಲ್ಲಿ ನಿಂತು ಕೂಗಿದರು. ಹೊಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ತಮ್ಮನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಅಕ್ಕನೂ ಇರಲಿಲ್ಲ, ಮಗುವೂ ಇರಲಿಲ್ಲ. ಅಕ್ಕನಿಗೆಂದು ಅವನು ಕೊಂಡಿದ್ದ ಕುಪ್ಪಸದ ಖಣ ಅಂಗಡಿಯ ಗೂಡಿನಲ್ಲೇ ಉಳಿಯಿತು.

ಆಮೇಲೆ ಅವನು ಮದುವೆಯಾದ, ಮಕ್ಕಳಾದವು, ವ್ಯಾಪಾರ ಬೆಳೆಯಿತು. ಆದರೂ ಪಂಚಮಿ ಬಂದಾಗಲೆಲ್ಲ ಒಂದು ಖಣ ಕೊಳ್ಳುತ್ತಿದ್ದ, ಪೆಟ್ಟಿಗೆಯಲ್ಲಿಡುತ್ತಿದ್ದ. ಹೆಂಡತಿ ಕಂಡರೂ ಕಾಣದಂತೆ ಇರುತ್ತಿದ್ದಳು. ಅಕ್ಕನ ಗಂಡ ಬೇರೆ ಮದುವೆ ಮಾಡಿಕೊಂಡು ಬೇರೆ ಊರು ಸೇರಿದ. ವ್ಯಾಪಾರಿ ಕಾಳು ಕೊಳ್ಳಲು ಆ ಹಳ್ಳಿಗೆ ಹೋದಾಗ ಅಕ್ಕನ ಹೆಸರನ್ನು ಯಾರಾದರೂ ಎತ್ತಿಯಾರೇ ಎಂದು ಕಿವಿಗೊಟ್ಟು ಕೂತಿರುತ್ತಿದ್ದ. ಮಳೆಯ ಮಾತು ಬರುತ್ತಿತ್ತು, ಧಾರಣೆಯ ಮಾತು ಬರುತ್ತಿತ್ತು, ಆಕೆಯ ಮಾತು ಮಾತ್ರ ಬರುತ್ತಿರಲಿಲ್ಲ. ಎಷ್ಟು ಬೇಗ ಮರೆತರು ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಮರೆಯದ ಹಾಗೆ ಮಾಡುತ್ತೇನೆ ಎಂದು ಒಂದು ದಿನ ಗಟ್ಟಿ ಮನಸ್ಸು ಮಾಡಿದ. ಆ ಹಳ್ಳಿಯಲ್ಲಿ ಹೆರಿಗೆಗೆಂದೇ ಒಂದು ದವಾಖಾನೆ ಕಟ್ಟಿಸಿದ. ಕಲ್ಲಿನ ಗೋಡೆ, ಹೊಸ ಮಂಚಗಳು, ಪೇಟೆಯಿಂದ ಒಬ್ಬ ವೈದ್ಯ. ಬಾಗಿಲ ಮೇಲೆ ಹಿತ್ತಾಳೆಯ ಫಲಕದಲ್ಲಿ ಅಕ್ಕನ ಹೆಸರು. ಆ ಅಕ್ಷರಗಳನ್ನು ಅವನೇ ಪಂಚೆಯ ತುದಿಯಿಂದ ಉಜ್ಜಿ ಹೊಳೆಯಿಸಿದ. ಅಂದು ಅವನು ಊರಿಗೆಲ್ಲ ಸಿಹಿಯೂಟ ಹಾಕಿಸಿದ. ಜನ ಉಂಡರು, ಕೈಮುಗಿದರು, ಮನೆಗೆ ಹೋದರು.

ಆಮೇಲೆ ಒಬ್ಬ ಬಸುರಿಯೂ ಆ ಬಾಗಿಲು ದಾಟಲಿಲ್ಲ.

ಈ ಜನಕ್ಕೆ ತಿಳಿವಳಿಕೆ ಸಾಲದು ಎಂದು ವೈದ್ಯ ಹೇಳಿ ಕಳಿಸಿದ. ವ್ಯಾಪಾರಿ ಡಂಗುರ ಹೊಡೆಸಿದ. ಬಂದವರಿಗೆ ಅಕ್ಕಿ ಕೊಡುತ್ತೇವೆ ಎಂದು ಸಾರಿಸಿದ. ಅತ್ತೆಯಂದಿರು ಬಂದು ಹೊರಗಿನ ಜಗಲಿಯಲ್ಲೇ ಸೆರಗೊಡ್ಡಿ ಅಕ್ಕಿ ಇಸಿದುಕೊಂಡು ಹೋದರು, ಸೊಸೆಯಂದಿರು ಬರಲಿಲ್ಲ. ಮಂಚ ಮೆತ್ತಗಿಲ್ಲವೇನೋ ಎಂದು ಹತ್ತಿಯ ಹಾಸಿಗೆ ಕಳಿಸಿದ. ಕೋಣೆ ಸಾಲದೇನೋ ಎಂದು ಇನ್ನೊಂದು ಕೋಣೆ ಕಟ್ಟಿಸಿದ. ಏನೇನು ಮಾಡಬಹುದೋ ಅದೆಲ್ಲವನ್ನೂ ಪೇಟೆಯಲ್ಲಿ ಕೂತೇ ಮಾಡಿದ. ವೈದ್ಯ ಮಾತ್ರ ಊಟ ಮಾಡಿ ನಿದ್ದೆ ಮಾಡಿ ಮೈ ಬೆಳೆಸಿದ.

ಅಷ್ಟರಲ್ಲಿ ಒಂದು ಸುದ್ದಿ ಬಂತು. ಹಳ್ಳಿಯ ಒಬ್ಬ ಸೊಸೆಗೆ ಹೆರಿಗೆ ಕಷ್ಟವಾಗಿ, ಆಕೆಯನ್ನು ಗಾಡಿಯಲ್ಲಿ ಮಲಗಿಸಿ ದೂರದ ಊರಿಗೆ ಹೊಡೆದುಕೊಂಡು ಹೊರಟಿದ್ದರು. ಗಾಡಿ ಹೋದದ್ದು ದವಾಖಾನೆಯ ಮುಂದೆಯೇ. ವೈದ್ಯ ಒಳಗಿದ್ದ, ಬಾಗಿಲು ತೆರೆದಿತ್ತು. ಗಾಡಿ ನಿಲ್ಲಲಿಲ್ಲ. ಆಕೆ ದಾರಿಯಲ್ಲೇ ತೀರಿಕೊಂಡಳು.

ವ್ಯಾಪಾರಿ ಅಂದೇ ಹೊಳೆ ದಾಟಿದ. ನೇರವಾಗಿ ಅಕ್ಕನ ಗಂಡನ ಅಣ್ಣನ ಹೆಂಡತಿಯ ಮನೆಗೆ ಹೋದ. ಅಕ್ಕನ ಕೊನೆಯ ಗಳಿಗೆಯಲ್ಲಿ ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವಳು ಈ ಮುದುಕಿಯೇ. ಅವನು ಹೊಸ್ತಿಲಲ್ಲಿ ನಿಂತೇ ಬಾಯಿಗೆ ಬಂದಂತೆ ಬೈದ. ನಿಮ್ಮ ಊರಿಗೆ ಏನು ಕಡಿಮೆ ಮಾಡಿದ್ದೆ ಎಂದ. ಮುದುಕಿ ನೀರು ಕೊಟ್ಟು ಕೂಡಿಸಿದಳು. ಅವನ ಬೈಗುಳ ತೀರುವವರೆಗೂ ಕಾದಳು.

“ಬಾಗಲದ ಮ್ಯಾಲ ಯಾರ ಹೆಸರ ಹಾಕಿದಿ ತಮ್ಮಾ?” ಎಂದಳು. “ಆಕಿ ಹಡಿಯಾಕ ಹೋಗಿ ಸತ್ತಾಕಿ. ಅಂಥಾಕಿ ಹೆಸರ ಬಸರ ಹೆಂಗಸಿನ ಮುಂದ ನಾವು ಎತ್ತೂದಿಲ್ಲ. ಅದರ ಕೆಳಗ ಹಾದು ಒಳಗ ಹೋಗಂದ್ರ ಹೆಂಗ ಹೋದಾರು?”

“ಇಷ್ಟ ದಿನಾ ಯಾಕ ಹೇಳಲಿಲ್ಲ?”

“ಆಕಿ ಬೆನ್ನಿಗೆ ಹುಟ್ಟಿದ ತಮ್ಮಗ ಹೆಂಗ ಹೇಳೂದು? ಕಟ್ಟೂಕಿಂತ ಮೊದಲ ನೀ ಒಂದ ಮಾತ ಕೇಳಿದ್ದರ ಹೇಳತಿದ್ವಿ.”

ಅವನಿಗೆ ಆಗ ತಿಳಿಯಿತು. ಹಳ್ಳಿ ಅಕ್ಕನನ್ನು ಮರೆತಿರಲಿಲ್ಲ. ಯಾವ ಮನೆಯಲ್ಲಿ ಯಾವ ಸೊಸೆ ಬಸುರಿಯೋ ಎಂದು ಊರಿಗೆ ಊರೇ ಆಕೆಯ ಹೆಸರನ್ನು ಬಾಯೊಳಗೇ ಇಟ್ಟುಕೊಂಡಿತ್ತು.

ಅಲ್ಲಿಂದ ಎದ್ದು ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕೂತ. ತಲೆಯೆತ್ತಿದರೆ ಫಲಕ ಕಾಣುತ್ತಿತ್ತು. ಅದನ್ನು ತೆಗೆದರೆ ಅಕ್ಕ ಎರಡನೆಯ ಸಲ ಸಾಯುತ್ತಾಳೆ ಎನಿಸಿತು. ಆಕೆಗಾಗಿಯೇ ಕಟ್ಟಿಸಿದ್ದು, ಆಕೆಯ ಹೆಸರಿಲ್ಲದ ಮೇಲೆ ಈ ಕಲ್ಲು ಮಣ್ಣು ತನಗೇಕೆ ಎನಿಸಿತು. ಊರವರ ನಂಬಿಕೆಯ ಮೇಲೆ ಸಿಟ್ಟು ಬಂತು, ಹೋಗಿಬಂದು ಆ ಸಿಟ್ಟು ತನ್ನ ಮೇಲೆಯೇ ತಿರುಗಿತು. ಎದುರಿಗಿನ ದಾರಿಯಲ್ಲಿ ಗಾಡಿಯ ಗಾಲಿ ಬಿಟ್ಟ ಗೆರೆ ಇನ್ನೂ ಮಾಸಿರಲಿಲ್ಲ. ಅವನು ಅದನ್ನು ನೋಡುತ್ತ ನೋಡುತ್ತ ಅತ್ತ. ಆಮೇಲೆ ವೈದ್ಯನಿಂದ ಒಂದು ಏಣಿ ತರಿಸಿ, ಹತ್ತಿ, ತಾನೇ ಉಜ್ಜಿ ಹೊಳೆಯಿಸಿದ ಫಲಕವನ್ನು ತಾನೇ ಬಿಚ್ಚಿದ.

ಮರುದಿನ ಊರ ಹೆಂಗಸರನ್ನು ಕರೆಸಿ, ನಿಮಗೇನು ಬೇಕು ಎಂದು ಕೇಳಿದ. ಆ ಮಾತನ್ನು ಅವನು ಜೀವಮಾನದಲ್ಲಿ ಗಿರಾಕಿಗಳಿಗೆ ಬಿಟ್ಟು ಇನ್ನಾರಿಗೂ ಕೇಳಿದವನಲ್ಲ. ಅವರು ಮಂಚ ಕೇಳಲಿಲ್ಲ. ವೈದ್ಯನ ಕೈಮೀರಿದರೆ ಪೇಟೆಗೆ ಒಯ್ಯಲು, ಕತ್ತಲಾದ ಮೇಲೆ ತಮ್ಮ ದಡದಲ್ಲಿ ಕಟ್ಟಿರುವ ಒಂದು ಹರಿಗೋಲು ಕೇಳಿದರು, ಅಲ್ಲೇ ಮಲಗುವ ಒಬ್ಬ ಅಂಬಿಗ ಬೇಕೆಂದರು. ಬಸುರಿಯ ಜೊತೆ ಬರುವವರಿಗೆ ರೊಟ್ಟಿ ಬಡಿಯಲು ಒಂದು ಒಲೆ ಕೇಳಿದರು. ತಮ್ಮಲ್ಲಿ ಕೆಲವರು ಸೂಲಗಿತ್ತಿಯ ಜೊತೆ ಕೂತು ವೈದ್ಯನಿಂದ ಕಲಿಯುತ್ತೇವೆ ಎಂದರು. ಒಳಗೆ ಬರುವ ಪ್ರತಿಯೊಬ್ಬಳಿಗೂ ಬಾಗಿಲಲ್ಲೇ ಉಡಿ ತುಂಬಬೇಕು, ಆಗ ಅದು ತವರಿದ್ದ ಹಾಗೆ ಎಂದರು. ಒಲೆ ಎಲ್ಲಿ ಹಾಕಬೇಕು ಎಂದು ಹೇಳಲು ವ್ಯಾಪಾರಿ ಬಾಯಿ ತೆರೆದ, ನಾಲಿಗೆ ಕಚ್ಚಿಕೊಂಡು ಸುಮ್ಮನಾದ. ಅಂದಿನಿಂದ ಕೊಡುವುದು ಅವನ ಕೆಲಸ, ನಡೆಸುವುದು ಅವರ ಕೆಲಸ ಎಂದಾಯಿತು.

ಪೇಟೆಗೆ ಮರಳಿದವನು ಪೆಟ್ಟಿಗೆ ತೆರೆದು, ಅಷ್ಟು ವರ್ಷ ಕೂಡಿಟ್ಟ ಖಣಗಳನ್ನೆಲ್ಲ ಉಡಿ ತುಂಬಲೆಂದು ಮುದುಕಿಗೆ ಕಳಿಸಿಕೊಟ್ಟ. ಬರಿದಾದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಫಲಕ ಇಟ್ಟ.

ಮೊದಮೊದಲು ಒಬ್ಬಳು ಬಂದಳು. ಆಮೇಲೆ ಅವಳ ಓರಗಿತ್ತಿ ಬಂದಳು. ಎಲ್ಲರೂ ಬದುಕಿದರು ಎಂದೇನಲ್ಲ, ಬಹಳ ಮಂದಿ ಬದುಕಿದರು. ವರ್ಷಗಳು ಕಳೆದವು, ಮುದುಕಿ ತೀರಿಕೊಂಡಳು. ವೈದ್ಯನಿಂದ ಕಲಿತ ಹೆಂಗಸರು ಮುಂದುವರಿಸಿದರು. ಈಚೆ ದಡದ ಪೇಟೆಯವರೂ ಹೆರಿಗೆಗೆ ಹೊಳೆ ದಾಟಿ ಅಲ್ಲಿಗೇ ಹೋಗತೊಡಗಿದರು. ವ್ಯಾಪಾರಿ ಬೇಕಾದುದನ್ನು ತಪ್ಪದೆ ಕಳಿಸುತ್ತಿದ್ದ. ಕಟ್ಟಿಸಿದವರು ಯಾರು ಎಂದು ಹೊಸಬರಿಗೆ ಗೊತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಬೇಸರವಾಗಲಿಲ್ಲ. ಆದರೆ ಹಂಬಲ ಹೋಗಲಿಲ್ಲ. ತಾನು ಸಾಯುವುದರೊಳಗೆ ಆ ದಡದಲ್ಲಿ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಅಕ್ಕನ ಹೆಸರು ಕೇಳಬಾರದೇ ಎಂದು ಅವನ ಜೀವ ಹಾತೊರೆಯುತ್ತಿತ್ತು.

ಮುಪ್ಪಿನಲ್ಲಿ ಒಂದು ಪಂಚಮಿಯ ದಿನ ಅವನು ಹರಿಗೋಲು ಹತ್ತಿದ. ಮಡಿಲಲ್ಲಿ ಆ ವರ್ಷದ ಖಣವಿತ್ತು. ಎದುರಿಗೆ ಅತ್ತೆಯ ಜೊತೆ ಒಬ್ಬ ಸೊಸೆ ಕೂತಿದ್ದಳು, ದಿನ ತುಂಬಿದವಳು. ದಡದ ಕಡೆ ನೋಡುತ್ತಿದ್ದ ಮುದುಕನ ಕಣ್ಣಿಂದ ನೀರು ಇಳಿಯುವುದನ್ನು ಆಕೆ ಕಂಡಳು.

“ಆಚೀ ದಂಡ್ಯಾಗ ನಿಮ್ಮವರು ಅದಾರೇನ್ರಿ, ಅಜ್ಜಾ?” ಎಂದು ಕೇಳಿದಳು.

ಅಕ್ಕ ಇದ್ದಳು ಎಂದ.

“ಅವರ ಹೆಸರ ಏನ್ರಿ?”

ಅಷ್ಟು ವರ್ಷ ಕಾದ ಪ್ರಶ್ನೆ. ಹೆಸರು ತುಟಿಯವರೆಗೆ ಬಂತು. ಮುದುಕ ಆಕೆಯ ಮುಖ ನೋಡಿದ, ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದ ಆಕೆಯ ಕೈ ನೋಡಿದ.

“ನಾ ಬರೇ ಅಕ್ಕಾ ಅಂತಿದ್ನವಾ,” ಎಂದ.

ಹರಿಗೋಲು ದಡ ಮುಟ್ಟಿತು. ಬಾಗಿಲಲ್ಲಿ ಹೆಂಗಸರು ಉಡಿಯಕ್ಕಿ ಹಿಡಿದು ನಿಂತಿದ್ದರು. ಮುದುಕ ಖಣವನ್ನು ಅವರ ಕೈಗೆ ಕೊಟ್ಟು ತಿರುಗಿ ಬಂದ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಅಡಿವೆಯ್ಯ, ಹಾಗಾದರೆ ನನ್ನ ತಾಯಿಯ ಹೆಸರು ಎಲ್ಲಿ ಉಳಿಯಬೇಕು ಎಂದು ಕೇಳಿದ.

ಗುರುಗಳು ಹೇಳಿದರು: “ಆಕೆ ಬದುಕಿದ್ದಿದ್ದರೆ ನೀನು ಆಕೆಯನ್ನು ಹೆಸರು ಹಿಡಿದು ಕರೆಯುತ್ತಿದ್ದೆಯಾ, ಮಗೂ?”

“ಇಲ್ಲ, ಅವ್ವಾ ಎನ್ನುತ್ತಿದ್ದೆ,” ಎಂದ ಅಡಿವೆಯ್ಯ.